ಬೆಂಕಿ, ಗಾಳಿ ಮತ್ತು ನೀರು: ಶೀತದೇಶಗಳ ಗೃಹತಾಪನದಲ್ಲಿ ಒಂದು ಪರಿವರ್ತನೆಯ ಇತಿಹಾಸ

೧

ವಸತಿಯ ಇತಿಹಾಸವನ್ನು ಬರೆಯುವವರು ಗೃಹತಾಪನದ ಪ್ರಕರಣಕ್ಕೆ ಬಂದಾಗ ಸಾಮಾನ್ಯವಾಗಿ ಇಂಧನಗಳ ಹೆಸರಿನಿಂದ ಕಾಲವಿಭಾಗ ಮಾಡುವುದುಂಟು. ಸೌದೆಯ ಕಾಲ, ಕಲ್ಲಿದ್ದಲಿನ ಕಾಲ, ಎಣ್ಣೆಯ ಕಾಲ, ಅನಿಲದ ಕಾಲ ಎಂಬ ಈ ವಿಭಜನೆ ಸುಲಭವಾದುದು. ಅದಕ್ಕೆ ಬೇಕಾದ ಅಂಕಿ ಅಂಶಗಳೂ ಜನಗಣತಿಯ ವರದಿಗಳಲ್ಲಿ ಸಿದ್ಧವಾಗಿ ದೊರೆಯುತ್ತವೆ. ಆದರೆ ಬೆಂಕಿ ಒಂದೆಡೆ ಉರಿಯುತ್ತಿದ್ದು ಮನುಷ್ಯರು ಮತ್ತೊಂದೆಡೆ ಬೆಚ್ಚಗಿರಬೇಕಾದರೆ, ಶಾಖವನ್ನು ಹೊತ್ತು ತರುವ ವಸ್ತುವೊಂದು ಅವೆರಡರ ನಡುವೆ ಇರಲೇಬೇಕಷ್ಟೆ. ಆ ವಾಹಕವು ಗಾಳಿಯೋ ನೀರೋ, ಅದು ಸಂಚರಿಸುವ ದಾರಿಯನ್ನು ಮನೆಯ ಗೋಡೆ ನೆಲಗಳಲ್ಲಿ ಯಾರು, ಯಾವಾಗ, ಯಾವ ಉದ್ದೇಶದಿಂದ ಮಾಡಿದರು ಎಂಬ ಪ್ರಶ್ನೆಗಳಿಗೆ ದೊರೆತಿರುವ ಗಮನ ಅಲ್ಪ.

ಕೆಲವು ದಶಕಗಳಿಂದ ಉತ್ತರ ಅಮೆರಿಕದ ಮನೆಗಳಲ್ಲಿ ಕಂಡುಬರುತ್ತಿರುವ ಒಂದು ಸಣ್ಣ ಮಾರ್ಪಾಟು ಈ ಪ್ರಶ್ನೆಗಳನ್ನು ಮುಂದಕ್ಕೆ ತಂದಿದೆ. ನೆಲಮಾಳಿಗೆಯಲ್ಲಿದ್ದ ಫರ್ನೇಸನ್ನು ತೆಗೆದುಹಾಕಿ, ಅದೇ ಸ್ಥಳದಲ್ಲಿ, ಅದೇ ಗಾಳಿಕೊಳವೆಗಳಿಗೆ ಹೊಂದಿಸಿ, ಬಿಸಿನೀರಿನಿಂದ ಕೆಲಸಮಾಡುವ ‘ಏರ್ ಹ್ಯಾಂಡ್ಲರ್’ ಎಂಬ ಉಪಕರಣವನ್ನು ಕೂರಿಸುವುದೇ ಆ ಮಾರ್ಪಾಟು. ಹೊರನೋಟಕ್ಕೆ ಇದು ಒಂದು ತಗಡಿನ ಪೆಟ್ಟಿಗೆಯ ಬದಲಿಗೆ ಮತ್ತೊಂದು ತಗಡಿನ ಪೆಟ್ಟಿಗೆ. ಮೇಲಿನ ಕೋಣೆಗಳಲ್ಲಿ ಕುಳಿತವರಿಗೆ ವ್ಯತ್ಯಾಸ ತಿಳಿಯದಿರಲೂಬಹುದು. ಆದರೂ ಸುಮಾರು ಇನ್ನೂರು ವರ್ಷಗಳ ಕಾಲ ಬೇರೆಬೇರೆಯಾಗಿ ಹರಿದುಬಂದ ಎರಡು ಸಂಪ್ರದಾಯಗಳು ಈ ಪೆಟ್ಟಿಗೆಯಲ್ಲಿ ಕೂಡಿಕೊಂಡಿವೆ. ಮನೆಯೊಳಗಣ ಬೆಂಕಿ ಕೆಲವು ದಶಕಗಳಿಗೊಮ್ಮೆ ಬದಲಾಗುತ್ತದೆ. ಶಾಖದ ದಾರಿ ಬಹುಮಟ್ಟಿಗೆ ಮನೆ ಇರುವವರೆಗೂ ಉಳಿಯುತ್ತದೆ. ಆದಕಾರಣ ಒಂದು ತಲೆಮಾರು ಹಾಕಿದ ದಾರಿಯು ಮುಂದಿನ ತಲೆಮಾರುಗಳ ಇಂಧನವನ್ನೂ ಆರೋಗ್ಯವನ್ನೂ ಎಷ್ಟೋ ಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ನಮ್ಮ ನಾಡಿನ ಓದುಗರಿಗೆ ಮನೆಯನ್ನು ಕಾಯಿಸುವ ಪದ್ಧತಿ ಅಷ್ಟಾಗಿ ಪರಿಚಿತವಲ್ಲವಾದುದರಿಂದ ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಫರ್ನೇಸಿನಲ್ಲಿ ಜ್ವಾಲೆಯು ಲೋಹದ ಒಂದು ಕೋಶದೊಳಗೆ ಉರಿಯುತ್ತದೆ. ಮನೆಯ ಗಾಳಿ ಆ ಕೋಶದ ಹೊರಮೈಯನ್ನು ಸವರಿಕೊಂಡು ಹೋಗಿ, ಬಿಸಿಯಾಗಿ, ಕೊಳವೆಗಳ ಮೂಲಕ ಕೋಣೆಗಳನ್ನು ಸೇರುತ್ತದೆ. ಬಾಯ್ಲರಿನಲ್ಲಿ ಜ್ವಾಲೆ ಕಾಯಿಸುವುದು ನೀರನ್ನು. ನಮ್ಮ ಬಚ್ಚಲುಮನೆಯ ಹಂಡೆಯ ತತ್ತ್ವವೇ ಅದು. ಹೀಗೆ ಕಾದ ನೀರು ಕೋಣೆಕೋಣೆಯ ರೇಡಿಯೇಟರುಗಳಿಗೆ ಹೋಗಿ, ಶಾಖವನ್ನು ಬಿಟ್ಟು ಹಿಂದಿರುಗುತ್ತದೆ. ಏರ್ ಹ್ಯಾಂಡ್ಲರಿನಲ್ಲಿ ಬೆಂಕಿಯೇ ಇಲ್ಲ. ಬೇರೆಲ್ಲಿಯೋ ಕಾದ ನೀರು ಅದರೊಳಗಿನ ತಾಮ್ರದ ಸುರುಳಿಯಲ್ಲಿ ಹರಿಯುತ್ತದೆ. ಫ್ಯಾನು ಮನೆಯ ಗಾಳಿಯನ್ನು ಆ ಸುರುಳಿಯ ಮೇಲೆ ಹಾಯಿಸುತ್ತದೆ. ಅಲ್ಲಿಂದ ಮುಂದಕ್ಕೆ ಫರ್ನೇಸಿನ ಹಳೆಯ ಕೊಳವೆಗಳೇ ದಾರಿ. ಎಂದರೆ ಶಾಖದ ಪ್ರಯಾಣದ ಪೂರ್ವಾರ್ಧ ನೀರಿನದು, ಉತ್ತರಾರ್ಧ ಗಾಳಿಯದು.

೨

ಬೆಂಕಿಯನ್ನು ವಾಸದ ಕೋಣೆಯಿಂದ ಹೊರಗಿಡುವ ಯತ್ನ ಪ್ರಾಚೀನವಾದುದು. ರೋಮನರ ವಾಸ್ತುಶಾಸ್ತ್ರಜ್ಞನಾದ ವಿಟ್ರೂವಿಯಸನು ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಕೆಳಗೆ ಬೆಂಕಿಯ ಬಿಸಿಯನ್ನು ಹಾಯಿಸುವ ಹೈಪೊಕಾಸ್ಟ್ ಪದ್ಧತಿಯನ್ನು ವಿವರಿಸಿರುವನು. ಕೊರಿಯದ ಓಂಡೋಲ್, ಉತ್ತರ ಚೀನದ ಕಾಂಗ್, ನಮ್ಮ ಕಾಶ್ಮೀರದ ಹಮಾಮ್ ಇವೆಲ್ಲವೂ ಇದೇ ಜಾತಿಗೆ ಸೇರಿದವು. ಇವುಗಳಲ್ಲಿ ಹೊಗೆಯೇ ಶಾಖವಾಹಕ. ಆದುದರಿಂದ ನೆಲದ ಕಲ್ಲುಗಳ ಸಂದಿನಲ್ಲಿ ಒಂದು ಬಿರುಕು ಬಿಟ್ಟರೂ ಮಲಗಿದವರ ಪ್ರಾಣಕ್ಕೆ ಅಪಾಯ ತಪ್ಪಿದ್ದಲ್ಲ. ಬೆಂಕಿಯ ಉಚ್ಛಿಷ್ಟಕ್ಕೂ ಮನುಷ್ಯನ ಉಸಿರಿಗೂ ನಡುವೆ ಇರುವ ಗೋಡೆ ಎಷ್ಟು ಭದ್ರ ಎಂಬ ಪ್ರಶ್ನೆ ಈ ಇತಿಹಾಸದಲ್ಲಿ ಮೊದಲಿನಿಂದ ಕೊನೆಯವರೆಗೂ ನಮ್ಮನ್ನು ಹಿಂಬಾಲಿಸುವುದನ್ನು ಓದುಗರು ಗಮನಿಸಬಹುದು.

ಮಧ್ಯಯುಗದ ಅನಂತರದ ಯೂರೋಪು ಬೇರೊಂದು ಮಾರ್ಗವನ್ನು ಹಿಡಿಯಿತು. ಗೋಡೆಯಲ್ಲಿ ಅಗ್ಗಿಷ್ಟಿಕೆಯನ್ನು ಕಟ್ಟಿ, ಹೊಗೆಯನ್ನು ಚಿಮಣಿಯ ಮೂಲಕ ಮೇಲಕ್ಕೆ ಕಳುಹಿಸುವ ಪದ್ಧತಿಯಲ್ಲಿ ಶಾಖದ ಬಹುಪಾಲು ಹೊಗೆಯ ಸಂಗಡ ಹೊರಟುಹೋಗುತ್ತಿತ್ತು. ಹದಿನೆಂಟನೆಯ ಶತಮಾನದ ನಾಲ್ಕನೆಯ ಐದನೆಯ ದಶಕಗಳ ಸಂಧಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನನು ರಚಿಸಿ, ೧೭೪೪ರಲ್ಲಿ ಕಿರುಹೊತ್ತಗೆಯೊಂದರ ಮೂಲಕ ಪ್ರಚುರಪಡಿಸಿದ ಪೆನ್ಸಿಲ್ವೇನಿಯದ ಅಗ್ಗಿಷ್ಟಿಕೆ, ೧೭೯೬ರಲ್ಲಿ ಕೌಂಟ್ ರಂಫರ್ಡನು ಸೂಚಿಸಿದ ಕಿರಿದಾದ ಗಂಟಲಿನ ಅಗ್ಗಿಷ್ಟಿಕೆ ಇವೆರಡೂ ಈ ನಷ್ಟವನ್ನು ತಗ್ಗಿಸುವ ಪ್ರಯತ್ನಗಳು. ಆದರೂ ಎರಡರಲ್ಲಿಯೂ ಬೆಂಕಿ ಕೋಣೆಯಲ್ಲಿಯೇ ಉಳಿಯಿತು.

ಬೆಂಕಿಯನ್ನು ದೂರವಿಟ್ಟು ಶಾಖವನ್ನು ಮಾತ್ರ ತರಿಸಿಕೊಳ್ಳುವ ಆಧುನಿಕ ಪದ್ಧತಿಗಳು ಇದೇ ಕಾಲದಲ್ಲಿ ಎರಡು ಕವಲುಗಳಾಗಿ ಹುಟ್ಟಿದವು. ನೀರಿನ ಕವಲು ಮನುಷ್ಯರ ಮನೆಯಲ್ಲಿ ಆರಂಭವಾಗಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ. ಸ್ವೀಡನ್ನಿನ ಮಾರ್ಟೆನ್ ಟ್ರೀವಾಲ್ಡನು ೧೭೧೬ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ಬಿಸಿನೀರಿನಿಂದ ಸಸ್ಯಗೃಹವೊಂದನ್ನು ಕಾಯಿಸಿದನು. ಬೋನ್‌ಮ್ಯಾನ್ ಎಂಬ ಫ್ರೆಂಚನು ೧೭೭೭ರಲ್ಲಿ ಪ್ಯಾರಿಸಿನ ಬಳಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವುದಕ್ಕಾಗಿ ಬಿಸಿನೀರಿನ ಸುತ್ತುಕೊಳವೆಗಳನ್ನು ಏರ್ಪಡಿಸಿದನು. ಎಳೆಯ ಗಿಡಕ್ಕೂ ಮೊಟ್ಟೆಗೂ ಬೇಕಾದುದು ಏರಿಳಿತವಿಲ್ಲದ ಸಮನಾದ ಕಾವು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ ಎಂಬ ಗುಣವೇ ಅದನ್ನು ಈ ಕೆಲಸಕ್ಕೆ ಯೋಗ್ಯವನ್ನಾಗಿ ಮಾಡಿತು. ಈ ಗುಣಕ್ಕೆ ಶಾಸ್ತ್ರೀಯವಾದ ವಿವರಣೆಯೂ ಅದೇ ಶತಮಾನದಲ್ಲಿ, ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನ ಸಂಶೋಧನೆಗಳಿಂದ ಲಭಿಸಿತು.

ಗಾಳಿಯ ಕವಲಿನ ಉಗಮವನ್ನು ಇಂಗ್ಲೆಂಡಿನ ಡಾರ್ಬಿ ಪ್ರಾಂತದಲ್ಲಿ ಕಾಣಬಹುದು. ಹತ್ತಿಗಿರಣಿಗಳ ಒಡೆಯನಾದ ವಿಲಿಯಂ ಸ್ಟ್ರಟ್ಟನು ಕಬ್ಬಿಣದ ಕೋಶದೊಳಗೆ ಬೆಂಕಿಯಿಟ್ಟು, ಅದರ ಸುತ್ತ ಹೊರಗಿನ ಶುದ್ಧ ಗಾಳಿಯನ್ನು ಹಾಯಿಸಿ, ಅದನ್ನು ಇಟ್ಟಿಗೆಯ ಮಾರ್ಗಗಳಿಂದ ಕಟ್ಟಡದೊಳಕ್ಕೆ ಬಿಡುವ ಒಲೆಯನ್ನು ಬಳಕೆಗೆ ತಂದನು. ೧೮೧೦ರಲ್ಲಿ ತೆರೆದ ಡಾರ್ಬಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಈ ಏರ್ಪಾಡು ಇದ್ದಿತು. ಚಾರ್ಲ್ಸ್ ಸಿಲ್ವೆಸ್ಟರನು ೧೮೧೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವರ್ಣನೆಯಿದೆ. ರೋಗಿಗಳಿಗೆ ಶಾಖದೊಡನೆ ಹೊಸ ಗಾಳಿಯೂ ಬೇಕೆಂಬುದು ಇಲ್ಲಿನ ಆಲೋಚನೆ. ನೀರು ಸಮತೆಯನ್ನು ಕೊಡುತ್ತದೆ, ಗಾಳಿಯ ಪದ್ಧತಿ ಉಸಿರಿಗೆ ಹೊಸತನವನ್ನು ಕೊಡುತ್ತದೆ. ಎರಡು ಸಂಪ್ರದಾಯಗಳ ಮೂಲ ಪ್ರೇರಣೆಯೇ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩

ಹತ್ತೊಂಬತ್ತನೆಯ ಶತಮಾನದಲ್ಲಿ ನೀರಿನ ಪದ್ಧತಿ ಶ್ರೀಮಂತರ ಮನೆಗಳನ್ನೂ ಸಾರ್ವಜನಿಕ ಭವನಗಳನ್ನೂ ಪ್ರವೇಶಿಸಿತು. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಆಂಜಿಯರ್ ಮಾರ್ಚ್ ಪರ್ಕಿನ್ಸನು ೧೮೩೧ರಲ್ಲಿ ಸಣ್ಣ ಕೊಳಾಯಿಗಳಲ್ಲಿ ಅಧಿಕ ಒತ್ತಡದ ಬಿಸಿನೀರನ್ನು ಹರಿಸುವ ಪದ್ಧತಿಗೆ ಪೇಟೆಂಟು ಪಡೆದನು. ಮರುವರ್ಷವೇ ವಾಸ್ತುಶಿಲ್ಪಿ ಜಾನ್ ಸೋನನ ಲಂಡನ್ ಮನೆಯಲ್ಲಿ ಅದನ್ನು ಅಳವಡಿಸಲಾಯಿತು. ಅವನ ಬಳಿ ಕೆಲಸ ಕಲಿತ ಜೋಸೆಫ್ ನೇಸನ್ನನು ಈ ವಿದ್ಯೆಯನ್ನು ಬಾಸ್ಟನ್ನಿಗೆ ಕೊಂಡೊಯ್ದನು. ೧೮೭೦ರ ದಶಕದಿಂದ ಎರಕದ ಕಬ್ಬಿಣದ ರೇಡಿಯೇಟರುಗಳು ಬಳಕೆಗೆ ಬಂದವು. ಹಲವು ತಯಾರಕರು ಕೂಡಿ ೧೮೯೨ರಲ್ಲಿ ಅಮೆರಿಕನ್ ರೇಡಿಯೇಟರ್ ಕಂಪೆನಿಯನ್ನು ಕಟ್ಟಿದರು.

ಆದರೆ ನೀರಿನ ಜೊತೆಗೆ ಹಬೆಯ ಭಯವೂ ಬಂದಿತು. ೧೯೦೫ರಲ್ಲಿ ಮ್ಯಾಸಚೂಸೆಟ್ಸಿನ ಬ್ರಾಕ್‌ಟನ್ ಪಟ್ಟಣದ ಗ್ರೋವರ್ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರು ಸಿಡಿದು ೫೮ ಜನ ಮೃತರಾದರು. ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘವು ೧೯೧೪ರಲ್ಲಿ ಅಂಗೀಕರಿಸಿದ ಬಾಯ್ಲರು ನಿಯಮಾವಳಿಗೆ ಇಂಥ ದುರಂತಗಳೇ ಕಾರಣ. ಮನೆಯ ಬಿಸಿನೀರಿನ ವ್ಯವಸ್ಥೆಯಲ್ಲಿ ಅಟ್ಟದ ಮೇಲೆ ತೆರೆದ ತೊಟ್ಟಿಯೊಂದನ್ನಿಟ್ಟು, ಕಾದು ಹಿಗ್ಗಿದ ನೀರಿಗೆ ಎಡೆಮಾಡಿಕೊಡುತ್ತಿದ್ದುದರಿಂದ ಇಂಥ ಒತ್ತಡ ಬೆಳೆಯುತ್ತಿರಲಿಲ್ಲ. ಹಾಗಿದ್ದರೂ ಜನಸಾಮಾನ್ಯರ ಮನಸ್ಸಿನಲ್ಲಿ ಬಾಯ್ಲರೆಂದರೆ ಸಿಡಿಯತಕ್ಕದ್ದು ಎಂಬ ಭಾವನೆ ಬಹುಕಾಲ ಉಳಿಯಿತು. ಕಬ್ಬಿಣದ ಕೊಳಾಯಿ, ರೇಡಿಯೇಟರು, ಅವುಗಳನ್ನು ಜೋಡಿಸುವ ನುರಿತ ಕೆಲಸಗಾರ ಇವೆಲ್ಲಕ್ಕೂ ತಗಲುವ ವೆಚ್ಚವೂ ಅಧಿಕವಾಗಿತ್ತು.

ಗಾಳಿಯ ಫರ್ನೇಸಿಗೆ ಈ ತೊಡಕುಗಳಿರಲಿಲ್ಲ. ನೆಲಮಾಳಿಗೆಯಲ್ಲಿ ಕಬ್ಬಿಣದ ಒಲೆ, ಅದಕ್ಕೊಂದು ತಗಡಿನ ಹೊದಿಕೆ, ಹೊದಿಕೆಯಿಂದ ಎಲ್ಲ ಕಡೆಗೂ ಕೈಚಾಚಿದ ದಪ್ಪನೆಯ ತಗಡಿನ ಕೊಳವೆಗಳು. ಆಕಾರವನ್ನು ನೋಡಿ ಜನರು ಇದನ್ನು ‘ಆಕ್ಟೋಪಸ್’ ಎಂದು ಕರೆದರು. ಬಿಸಿ ಗಾಳಿ ಹಗುರವಾದುದರಿಂದ ತಾನಾಗಿಯೇ ಮೇಲೇರುತ್ತಿತ್ತು. ೧೮೯೫ರಲ್ಲಿ ಅಯೋವ ರಾಜ್ಯದ ಮಾರ್ಷಲ್‌ಟೌನಿನಲ್ಲಿ ಡೇವ್ ಲೆನಾಕ್ಸನು ಉಕ್ಕಿನ ಹಾಳೆಗಳನ್ನು ರಿವೆಟ್ ಹೊಡೆದು ಸೇರಿಸಿದ ಫರ್ನೇಸನ್ನು ಮಾರಾಟಕ್ಕೆ ತಂದನು. ಎರಕದ ಕಬ್ಬಿಣದ ಫರ್ನೇಸಿನ ಜೋಡಣೆಗಳು ಕಾಲಕ್ರಮದಲ್ಲಿ ಸಡಿಲಿ, ಹೊಗೆಯೂ ಕಲ್ಲಿದ್ದಲಿನ ಅನಿಲಗಳೂ ಮನೆಯ ಗಾಳಿಯಲ್ಲಿ ಬೆರೆಯುತ್ತಿದ್ದುದಕ್ಕೆ ಉಕ್ಕಿನ ಹಾಳೆ ಪರಿಹಾರವಾಗಿ ಬಂದಿತು. ಹೈಪೊಕಾಸ್ಟಿನ ಹಳೆಯ ಪ್ರಶ್ನೆ ಇಲ್ಲಿ ಹೊಸ ಲೋಹದ ವೇಷದಲ್ಲಿ ಮರಳಿ ಬಂದಂತಾಯಿತು.

ಈ ಪದ್ಧತಿಗಳ ಹಿಂದಿನ ದುಡಿಮೆಯನ್ನು ಮರೆಯುವಂತಿಲ್ಲ. ಗಾಳಿಯಾಗಲಿ ನೀರಾಗಲಿ, ಕಲ್ಲಿದ್ದಲನ್ನು ಸಲಿಕೆಯಿಂದ ಎತ್ತಿ ಹಾಕುವ, ಬೂದಿಯನ್ನು ಹೊರಸಾಗಿಸುವ ಕೆಲಸ ಯಾರಿಗಾದರೂ ತಪ್ಪುತ್ತಿರಲಿಲ್ಲ. ಕ್ಯಾಥರಿನ್ ಬೀಚರ್ ಮತ್ತು ಹ್ಯಾರಿಯೆಟ್ ಬೀಚರ್ ಸ್ಟೋ ಸೋದರಿಯರು ೧೮೬೯ರಲ್ಲಿ ಪ್ರಕಟಿಸಿದ ಗೃಹಶಾಸ್ತ್ರದ ಗ್ರಂಥದಲ್ಲಿ ಒಲೆ, ಫರ್ನೇಸು, ಚಿಮಣಿಗಳ ರಚನೆಗೂ ಪೋಷಣೆಗೂ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವರು. ಗೃಹೋಪಕರಣಗಳು ಹೆಂಗಸರ ಶ್ರಮವನ್ನು ನಿಜವಾಗಿ ಕಡಮೆ ಮಾಡಿದವೇ ಎಂಬುದನ್ನು ೧೯೮೩ರ ತಮ್ಮ ಗ್ರಂಥದಲ್ಲಿ ಪರೀಕ್ಷಿಸಿದ ರೂತ್ ಶ್ವಾರ್ಟ್ಸ್ ಕೊವನ್ ಅವರು, ಕಬ್ಬಿಣದ ಒಲೆ ಉಳಿಸಿದುದು ಹೆಚ್ಚಾಗಿ ಸೌದೆ ಕಡಿಯುವ ಗಂಡಸರ ಶ್ರಮವನ್ನು ಎಂದು ವಾದಿಸಿರುವುದು ಇಲ್ಲಿ ಸ್ಮರಣೀಯ.

ಇನ್ನೊಂದು ಸಂಗತಿಯನ್ನು ಈ ಘಟ್ಟದಲ್ಲಿಯೇ ಗುರುತಿಸಬೇಕು. ಕಾದ ಸುರುಳಿಯ ಮೇಲೆ ಫ್ಯಾನಿನಿಂದ ಗಾಳಿಯನ್ನು ಹಾಯಿಸುವ ಕಲ್ಪನೆ ನಮ್ಮ ಕಾಲದ ಸೃಷ್ಟಿಯಲ್ಲ. ೧೮೫೦ರ ದಶಕದಲ್ಲಿ ವಾಷಿಂಗ್‌ಟನ್ನಿನ ಕ್ಯಾಪಿಟಲ್ ಭವನವನ್ನು ವಿಸ್ತರಿಸಿದಾಗ ನೇಸನ್ನನು ಹಬೆಯ ಸುರುಳಿಗಳನ್ನೂ ದೊಡ್ಡ ಫ್ಯಾನುಗಳನ್ನೂ ಬಳಸಿದನು. ಅದೇ ಶತಮಾನದ ಉತ್ತರಾರ್ಧದಲ್ಲಿ ಬಾಸ್ಟನ್ನಿನ ಸ್ಟರ್ಟವೆಂಟ್ ಸಂಸ್ಥೆಯು ಇಂಥ ಸಲಕರಣೆಯನ್ನು ಕಾರ್ಖಾನೆಗಳಿಗೂ ಶಾಲೆಗಳಿಗೂ ಒದಗಿಸಿತು. ೧೯೦೨ರಲ್ಲಿ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ವಿಲಿಸ್ ಕ್ಯಾರಿಯರನು ಇಂಥ ಸುರುಳಿಯಲ್ಲಿಯೇ ಹಬೆಗೆ ಬದಲು ತಣ್ಣೀರನ್ನು ಹರಿಸಿ ಗಾಳಿಯ ತೇವವನ್ನು ಹಿಡಿತಕ್ಕೆ ತಂದಾಗ ಹವಾನಿಯಂತ್ರಣ ಶಾಸ್ತ್ರವು ಜನಿಸಿತು. ಎಂದರೆ ದೊಡ್ಡ ಕಟ್ಟಡಗಳಲ್ಲಿ ನೀರೂ ಗಾಳಿಯೂ ಬಹು ಹಿಂದೆಯೇ ಕೂಡಿದ್ದವು. ಮನೆಗಳಲ್ಲಿ ಮಾತ್ರ ಅವು ಬೇರೆಯಾಗಿಯೇ ಉಳಿದವು.

೪

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಮನೆಗಳು ಗಾಳಿಯ ಪಕ್ಷಕ್ಕೆ ವಾಲಿದುದು ಹೇಗೆ? ಇದಕ್ಕೆ ನಾಲ್ಕು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಸ್ವಯಂನಿಯಂತ್ರಣ. ಮಿನಿಯಾಪೊಲಿಸಿನ ಆಲ್ಬರ್ಟ್ ಬಟ್ಸನು ೧೮೮೫ರ ಸುಮಾರಿನಲ್ಲಿ, ಕೋಣೆಯ ಉಷ್ಣತೆ ಇಳಿದೊಡನೆ ಫರ್ನೇಸಿನ ಗಾಳಿಬಾಗಿಲನ್ನು ತಾನಾಗಿಯೇ ತೆರೆಯುವ ಸಾಧನವನ್ನು ರಚಿಸಿದನು. ಇಂಥ ಸಾಧನಗಳು ಸುಧಾರಿಸಿದಂತೆ, ಬೆಂಕಿಯ ಬಳಿ ಮನುಷ್ಯ ಸದಾ ಇರಬೇಕೆಂಬ ನಿರ್ಬಂಧ ಸಡಿಲವಾಯಿತು.

ಎರಡನೆಯದು ಇಂಧನ. ೧೯೧೯ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಆಲಿಸ್ ಎಚ್. ಪಾರ್ಕರ್ ಎಂಬ ಮಹಿಳೆಯು ಅನಿಲದಿಂದ ಉರಿಯುವ, ಹಲವು ಕೊಳವೆಗಳಿಗೆ ಬೇರೆಬೇರೆಯಾಗಿ ಶಾಖವನ್ನು ಕೊಡುವ ಫರ್ನೇಸಿಗೆ ಪೇಟೆಂಟು ಪಡೆದಳು. ಆದರೆ ಅನಿಲವು ಊರೂರಿಗೆ ತಲುಪಿದುದು ಎರಡನೆಯ ಮಹಾಯುದ್ಧದ ಅನಂತರ. ಯುದ್ಧಕಾಲದಲ್ಲಿ ಎಣ್ಣೆಯನ್ನು ಸಾಗಿಸಲು ಟೆಕ್ಸಾಸಿನಿಂದ ಪೂರ್ವ ಕರಾವಳಿಗೆ ಹಾಕಿದ್ದ ಎರಡು ಮಹಾನಾಳಗಳನ್ನು ೧೯೪೭ರಲ್ಲಿ ಮಾರಿ ನೈಸರ್ಗಿಕ ಅನಿಲಕ್ಕೆ ಬಳಸಲಾಯಿತು. ೧೯೪೦ರ ಗಣತಿಯಲ್ಲಿ ಶೇಕಡ ಸುಮಾರು ೫೫ ಮನೆಗಳು ಕಲ್ಲಿದ್ದಲನ್ನೂ ೨೩ ಮನೆಗಳು ಸೌದೆಯನ್ನೂ ಉರಿಸುತ್ತಿದ್ದವು; ೧೯೭೦ರ ವೇಳೆಗೆ ಕಲ್ಲಿದ್ದಲಿನ ಪಾಲು ಶೇಕಡ ೩ಕ್ಕೂ ಕೆಳಗಿಳಿದು, ಅನಿಲದ ಪಾಲು ಅರ್ಧವನ್ನು ಮೀರಿತು. ಮೂವತ್ತೇ ವರ್ಷಗಳಲ್ಲಿ ಒಂದು ರಾಷ್ಟ್ರದ ಬೆಂಕಿಯೇ ಬದಲಾಯಿತು. ಕಲ್ಲಿದ್ದಲಿನ ಫರ್ನೇಸಿಗೆ ಅನಿಲದ ಜ್ವಾಲಕವನ್ನು ಜೋಡಿಸಿ, ಹಳೆಯ ಕೊಳವೆಗಳನ್ನೇ ಉಳಿಸಿಕೊಂಡ ಮನೆಗಳು ಅನೇಕ.

ಮೂರನೆಯದು ಸಂಶೋಧನೆ. ಇಲಿನಾಯ್ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಪ್ರಯೋಗಕೇಂದ್ರವು ಫರ್ನೇಸು ತಯಾರಕರ ಸಂಘದ ಸಹಾಯದಿಂದ ೧೯೧೮ರಲ್ಲಿ ಬಿಸಿಗಾಳಿಯ ಅಧ್ಯಯನವನ್ನು ಪ್ರಾರಂಭಿಸಿತು. ೧೯೨೪ರಲ್ಲಿ ಅರ್ಬಾನದಲ್ಲಿ ಒಂದು ಸಾಮಾನ್ಯ ವಾಸದ ಮನೆಯನ್ನೇ ಪ್ರಯೋಗಶಾಲೆಯಾಗಿ ಕಟ್ಟಲಾಯಿತು. ಎ. ಸಿ. ವಿಲ್ಲರ್ಡ್, ಎ. ಪಿ. ಕ್ರಾಟ್ಸ್ ಮೊದಲಾದ ಪ್ರಾಧ್ಯಾಪಕರು ಕೊಳವೆಯ ಗಾತ್ರ, ಗಾಳಿಯ ವೇಗ, ಕೋಣೆಯ ನೆಲಕ್ಕೂ ಸೂರಿಗೂ ಇರುವ ಉಷ್ಣತೆಯ ಅಂತರ ಇವುಗಳನ್ನು ವರ್ಷಗಟ್ಟಲೆ ಅಳೆದು ವಿಶ್ವವಿದ್ಯಾನಿಲಯದ ಬುಲೆಟಿನ್ನುಗಳಲ್ಲಿ ಪ್ರಕಟಿಸಿದರು. ವಿದ್ಯುತ್ ಫ್ಯಾನಿನಿಂದ ಗಾಳಿಯನ್ನು ನೂಕಿದರೆ ದಪ್ಪ ಕೊಳವೆಗಳ ಅಗತ್ಯವಿಲ್ಲವೆಂಬುದೂ, ಅದೇ ಕೊಳವೆಗಳಿಂದ ಬೇಸಿಗೆಯಲ್ಲಿ ತಂಪನ್ನು ಕೊಡಬಹುದೆಂಬುದೂ ೧೯೩೦ರ ದಶಕದಲ್ಲಿ ಅಲ್ಲಿ ಪರೀಕ್ಷೆಗೆ ಒಳಗಾದುವು. ಬಾಯ್ಲರು ತಯಾರಕರ ಸಂಘವೂ ಹಿಂದೆ ಬೀಳಲಿಲ್ಲ; ಅದೇ ವಿಶ್ವವಿದ್ಯಾನಿಲಯದಲ್ಲಿ ೧೯೪೦ರಲ್ಲಿ ಬಿಸಿನೀರಿನ ಪ್ರಯೋಗಗೃಹವು ತಲೆಯೆತ್ತಿತು. ಒಂದೇ ವಿದ್ಯಾಸ್ಥಾನದಲ್ಲಿ ಎರಡು ಉದ್ಯಮಗಳ ಹಣದಿಂದ ಎರಡು ಪ್ರಯೋಗಗೃಹಗಳು ನಿಂತುವು. ಎರಡೂ ಕಡೆಯ ಅಳತೆಗಳು ಪ್ರಾಮಾಣಿಕವಾಗಿದ್ದರೂ ‘ಗಾಳಿಯೂ ನೀರೂ ಕೂಡಿ ಕೆಲಸಮಾಡಿದರೆ ಹೇಗೆ?’ ಎಂಬ ಪ್ರಶ್ನೆಗೆ ಪೋಷಕರಿರಲಿಲ್ಲ. ಯಾವ ಪ್ರಶ್ನೆಗೆ ಹಣ ದೊರೆಯುತ್ತದೆಯೋ ಆ ಪ್ರಶ್ನೆಗೆ ಉತ್ತರ ದೊರೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಾಲ್ಕನೆಯ ಕಾರಣ ಬೇಸಿಗೆ. ಯುದ್ಧಾನಂತರ ಮನೆಗಳಿಗೂ ಹವಾನಿಯಂತ್ರಣ ಬಂದಾಗ, ಗಾಳಿಕೊಳವೆಯಿದ್ದ ಮನೆಗೆ ತಂಪನ್ನು ಸೇರಿಸುವುದು ಸುಲಭವಾಯಿತು. ರೇಡಿಯೇಟರಿನ ಮನೆಗೆ ಸಾಧ್ಯವಾಗಲಿಲ್ಲ. ಒಂದೇ ದಾರಿ ಎರಡು ಋತುಗಳಿಗೂ ಒದಗಿದುದರಿಂದ ಅಮೆರಿಕದಲ್ಲಿ ಗಾಳಿಯ ಗೆಲವು ನಿಶ್ಚಿತವಾಯಿತು.

ಯೂರೋಪಿನಲ್ಲಿ ಹೀಗಾಗಲಿಲ್ಲ. ಲಂಡನ್ನಿನಲ್ಲಿ ೧೯೫೨ರ ಡಿಸೆಂಬರಿನ ವಿಷಮಂಜಿಗೆ ಸಾವಿರಾರು ಜನ ಬಲಿಯಾದಾಗ, ಮನೆಮನೆಯ ಅಗ್ಗಿಷ್ಟಿಕೆಯ ಕಲ್ಲಿದ್ದಲಿನ ಹೊಗೆ ಅದರ ಮುಖ್ಯ ಕಾರಣಗಳಲ್ಲೊಂದೆಂದು ಕಂಡುಬಂದಿತು. ೧೯೫೬ರಲ್ಲಿ ಶುದ್ಧವಾಯು ಕಾಯಿದೆ ಜಾರಿಯಾಯಿತು. ಅನಂತರ ಅಲ್ಲಿನ ಮನೆಗಳು ಕ್ರಮೇಣ ಕೇಂದ್ರತಾಪನಕ್ಕೆ ಹೊರಳಿದಾಗ, ಇಟ್ಟಿಗೆಯ ಗಟ್ಟಿ ಗೋಡೆಗಳಲ್ಲಿ ಗಾಳಿಕೊಳವೆಗಳಿಗೆ ಸ್ಥಳವಿರಲಿಲ್ಲ. ಸಣ್ಣ ಕೊಳಾಯಿಗಳಿಗೆ ಇದ್ದಿತು. ಬೇಸಿಗೆಯಲ್ಲಿ ತಂಪಿನ ಅಗತ್ಯವೂ ಇರಲಿಲ್ಲ. ಹೀಗಾಗಿ ಅಲ್ಲಿ ನೀರೇ ರೂಢಿಯಾಯಿತು.

೫

ಈ ಹಿನ್ನೆಲೆಯಲ್ಲಿ ನಮ್ಮ ಪ್ರಸ್ತುತ ವಿಷಯವನ್ನು ನೋಡೋಣ. ಗಾಳಿಕೊಳವೆಯ ಮನೆಯೊಳಕ್ಕೆ ನೀರು ಮರಳಿ ಬಂದುದಕ್ಕೆ ಮೊದಲ ಆಧಾರ ಭೌತಶಾಸ್ತ್ರದಲ್ಲಿದೆ. ಸಮ ಗಾತ್ರದ ಗಾಳಿಗಿಂತ ನೀರು ಸುಮಾರು ೩,೫೦೦ ಪಟ್ಟು ಶಾಖವನ್ನು ಹೊರಬಲ್ಲುದು. ಒಂದು ಮನೆಗೆ ೧೦ ಕಿಲೋವಾಟ್ ಶಾಖ ಬೇಕೆಂದಿಟ್ಟುಕೊಳ್ಳೋಣ. ಗಾಳಿಯನ್ನು ೩೦ ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ ಈ ಶಾಖವನ್ನು ಸಾಗಿಸಲು ಸೆಕೆಂಡಿಗೆ ಸುಮಾರು ೨೮೦ ಲೀಟರು ಗಾಳಿ ಚಲಿಸಬೇಕು. ಅದಕ್ಕೆ ೩೦ ಸೆಂಟಿಮೀಟರ್ ವ್ಯಾಸದ ಕೊಳವೆ ಬೇಕಾಗುತ್ತದೆ. ನೀರಾದರೆ, ೧೦ ಡಿಗ್ರಿಯಷ್ಟೇ ತಣಿದರೂ, ನಿಮಿಷಕ್ಕೆ ೧೪ ಲೀಟರು ಸಾಕು. ೨೦ ಮಿಲಿಮೀಟರ್ ಕೊಳಾಯಿಯಲ್ಲಿ ಅದು ನಿರಾತಂಕವಾಗಿ ಹರಿಯುತ್ತದೆ. ಆದುದರಿಂದ ಬೆಂಕಿ ಮನೆಯ ಯಾವ ಮೂಲೆಯಲ್ಲಿದ್ದರೂ, ಮನೆಯಿಂದ ಹೊರಗೇ ಇದ್ದರೂ, ಸುರುಳಿಗೆ ಶಾಖ ತಲುಪಬಹುದು.

ಎರಡನೆಯದು ಮಿತವ್ಯಯ. ೧೯೭೩ರ ಎಣ್ಣೆಯ ಬಿಕ್ಕಟ್ಟಿನ ಅನಂತರ ಇಂಧನದ ಪೋಲನ್ನು ಜನರು ಲೆಕ್ಕ ಹಾಕತೊಡಗಿದರು. ೧೯೮೭ರ ಅಮೆರಿಕದ ಕಾಯಿದೆಯು ೧೯೯೨ರಿಂದ ಮನೆಯ ಫರ್ನೇಸುಗಳಿಗೆ ಶೇಕಡ ೭೮ರ ಕನಿಷ್ಠ ದಕ್ಷತೆಯನ್ನು ವಿಧಿಸಿತು. ಅನಿಲ ಉರಿದಾಗ ಹುಟ್ಟುವ ನೀರಾವಿಯನ್ನು ಚಿಮಣಿಗೆ ಬಿಡದೆ ಮತ್ತೆ ನೀರಾಗಿಸಿ ಅದರ ಗುಪ್ತಶಾಖವನ್ನು ಪಡೆಯುವ ಬಾಯ್ಲರುಗಳು ಶೇಕಡ ೯೦ನ್ನು ಮೀರಿದುವು. ಸುರುಳಿಯಿಂದ ಹಿಂದಿರುಗುವ ನೀರು ಸುಮಾರು ೫೫ ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಈ ಲಾಭ ಸಿದ್ಧಿಸುತ್ತದೆ. ಸ್ನಾನಕ್ಕೂ ಅಡಿಗೆಗೂ ನೀರು ಕಾಯಿಸುವ ಬೆಂಕಿಯೇ ಮನೆಯನ್ನೂ ಕಾಯಿಸುವುದರಿಂದ ಎರಡು ಬೆಂಕಿಗಳ ಬದಲು ಒಂದು ಸಾಕಾಗುತ್ತದೆ. ಎರಡು ಚಿಮಣಿಗಳ ಬದಲು ಒಂದು.

ಮೂರನೆಯದು ಪ್ರಾಣರಕ್ಷಣೆ. ಫರ್ನೇಸಿನಲ್ಲಿ ಜ್ವಾಲೆಯ ಅನಿಲಗಳಿಗೂ ಮನೆಯವರು ಉಸಿರಾಡುವ ಗಾಳಿಗೂ ನಡುವೆ ಇರುವುದು ತೆಳುವಾದ ಒಂದು ಲೋಹದ ಗೋಡೆ ಮಾತ್ರ. ವರ್ಷಗಟ್ಟಲೆ ಕಾದು ಆರಿ ಆ ಗೋಡೆ ಬಿರುಕುಬಿಟ್ಟರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಕೊಳವೆಗಳ ಮೂಲಕ ಮಲಗುವ ಕೋಣೆಯನ್ನೇ ಸೇರಬಹುದು. ಏರ್ ಹ್ಯಾಂಡ್ಲರಿನ ಸುರುಳಿ ಒಡೆದರೆ ಸುರಿಯುವುದು ನೀರು. ಅದು ಕಣ್ಣಿಗೆ ಕಾಣುತ್ತದೆ. ಬಾಯ್ಲರಿನ ಹೊಗೆಕೊಳವೆ ಕೆಟ್ಟರೆ ಅಲ್ಲಿಯೂ ವಿಷಾನಿಲ ಸೋರುವುದು ನಿಜವೇ. ಆದರೆ ಮನೆಯ ಗಾಳಿಯನ್ನು ಹಂಚುವ ಫ್ಯಾನಿನ ದಾರಿಯಲ್ಲಿ ಅದು ನೇರವಾಗಿ ಕೂತಿರುವುದಿಲ್ಲ.

ಹೀಗೆಂದು ಹೊಸ ಪದ್ಧತಿಗೆ ದೋಷಗಳಿಲ್ಲವೆಂದು ಭಾವಿಸಬಾರದು. ಕುಡಿಯುವ ನೀರನ್ನೇ ಸುರುಳಿಯಲ್ಲಿ ಹರಿಸಿದಲ್ಲಿ, ಬೇಸಿಗೆಯ ತಿಂಗಳುಗಳಲ್ಲಿ ಆ ನೀರು ಉಗುರುಬೆಚ್ಚಗೆ ನಿಂತು ರೋಗಾಣುಗಳಿಗೆ ಆಶ್ರಯವಾಗುವ ಸಂಭವವುಂಟು. ೧೯೭೬ರಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಕಾಣಿಸಿಕೊಂಡು ಅನೇಕರ ಸಾವಿಗೆ ಕಾರಣವಾದ, ಮರುವರ್ಷ ಗುರುತಿಸಲ್ಪಟ್ಟ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯವು ಇಂಥ ಬೆಚ್ಚನೆಯ ನಿಂತ ನೀರಿನಲ್ಲಿ ವೃದ್ಧಿಯಾಗುತ್ತದೆ. ಆದುದರಿಂದಲೇ ಬೇಸಿಗೆಯಲ್ಲಿಯೂ ಪಂಪನ್ನು ಆಗಾಗ ನಡೆಯಿಸುವುದು, ಇಲ್ಲವೆ ಕುಡಿಯುವ ನೀರನ್ನೂ ಸುರುಳಿಯ ನೀರನ್ನೂ ಲೋಹದ ಫಲಕಗಳಿಂದ ಬೇರ್ಪಡಿಸುವುದು ಅಗತ್ಯವೆನಿಸಿದೆ. ಕಡುಚಳಿಯಲ್ಲಿ ವಿದ್ಯುತ್ತು ನಿಂತರೆ ಸುರುಳಿ ಹೆಪ್ಪುಗಟ್ಟಿ ಒಡೆಯುವ ಭಯವೂ ಇದೆ.

ಇದಕ್ಕಿಂತ ಮುಖ್ಯವಾದುದು ದಾರಿಯ ಅಳತೆ. ಸುರುಳಿ ಕೊಡುವ ಶಾಖವು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಕೋಣೆಯ ಗಾಳಿ ೨೦ ಡಿಗ್ರಿಯಿರಲು, ೮೦ ಡಿಗ್ರಿಯ ನೀರು ಕೊಡುವ ಶಾಖದ ಅರ್ಧಕ್ಕಿಂತ ಕಡಮೆಯನ್ನು ೪೫ ಡಿಗ್ರಿಯ ನೀರು ಅದೇ ಸುರುಳಿಯಲ್ಲಿ ಕೊಡುತ್ತದೆ. ಹೊರಗಿನ ಗಾಳಿಯಿಂದಲೋ ನದಿಯಿಂದಲೋ ಶಾಖವನ್ನು ಎತ್ತಿ ತರುವ ಹೀಟ್ ಪಂಪುಗಳು ಸಾಮಾನ್ಯವಾಗಿ ಇಂಥ ಮಂದೋಷ್ಣದ ನೀರಿನಲ್ಲಿಯೇ ಹೆಚ್ಚು ಲಾಭಕರವಾಗಿ ದುಡಿಯುತ್ತವೆ. ಲಾರ್ಡ್ ಕೆಲ್ವಿನನು ೧೮೫೨ರಲ್ಲಿ ಸೂಚಿಸಿದ ಈ ತತ್ತ್ವವನ್ನು ಜೂರಿಕ್ ನಗರವು ೧೯೩೮ರಲ್ಲಿ ಲಿಮಾಟ್ ನದಿಯ ನೀರಿನಿಂದ ತನ್ನ ಪುರಭವನವನ್ನು ಕಾಯಿಸಿ ನಿಜಗೊಳಿಸಿತು. ಅಂಥ ಯಂತ್ರಕ್ಕೆ ಹಳೆಯ ಮನೆಯನ್ನು ಹೊಂದಿಸುವಾಗ ದೊಡ್ಡ ಸುರುಳಿ ಬೇಕು, ಹೆಚ್ಚು ಗಾಳಿ ಬೇಕು. ಅಷ್ಟು ಗಾಳಿಗೆ ಕೊಳವೆಗಳು ಸಾಲುವುವೇ ಎಂಬುದನ್ನು ನಿರ್ಧರಿಸುವವನು ಅರ್ಧ ಶತಮಾನದ ಹಿಂದೆ ತಗಡು ಕತ್ತರಿಸಿದ ಕೆಲಸಗಾರ. ಫ್ಯಾನು ಬಂದುದರಿಂದ ಕಿರಿದಾದ ಕೊಳವೆಗಳು ಆಗ ಮಿತವ್ಯಯದ ಗುರುತಾಗಿದ್ದವು. ಇಂದು ಅವೇ ಅಡಚಣೆಯಾಗಿ ನಿಂತಿವೆ.

೬

ದಾರಿಯ ಪ್ರಾಬಲ್ಯವನ್ನು ಸ್ಪಷ್ಟಪಡಿಸುವ ಎರಡು ಉದಾಹರಣೆಗಳನ್ನು ಹೋಲಿಸಿ ನೋಡಬಹುದು. ಡೆನ್ಮಾರ್ಕಿನಲ್ಲಿ ಊರಿಗೊಂದು ಕೇಂದ್ರದಿಂದ ಮನೆಮನೆಗೂ ಬಿಸಿನೀರನ್ನು ಕಳುಹಿಸುವ ಪದ್ಧತಿ ೧೯೦೩ರಲ್ಲಿ, ಫ್ರೆಡರಿಕ್ಸ್‌ಬೆರ್ಗಿನ ಕಸ ಸುಡುವ ಸ್ಥಾವರದಿಂದ ಆರಂಭವಾಯಿತು. ೧೯೭೩ರಲ್ಲಿ ಆ ದೇಶದ ಶಕ್ತಿಯಲ್ಲಿ ಶೇಕಡ ೯೦ರಷ್ಟು ಎಣ್ಣೆಯನ್ನೇ ನೆಚ್ಚಿತ್ತು. ಬಿಕ್ಕಟ್ಟಿನ ಅನಂತರ ಕೇಂದ್ರಗಳಲ್ಲಿ ಎಣ್ಣೆಯ ಬದಲು ಕಲ್ಲಿದ್ದಲು, ಅನಿಲ, ಹುಲ್ಲು, ಕಸ ಎಂದು ಬೆಂಕಿಗಳು ಬದಲಾದುವು. ಅಷ್ಟಾಗಿಯೂ ಮನೆಯೊಳಗಿನ ರೇಡಿಯೇಟರನ್ನು ಯಾರೂ ಕೀಳಬೇಕಾಗಲಿಲ್ಲ. ಇಂದು ಅಲ್ಲಿನ ಮನೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಪದ್ಧತಿಗೆ ಸೇರಿವೆ.

ಇದಕ್ಕೆ ಪ್ರತಿಯಾಗಿ, ೧೯೪೭ರಲ್ಲಿ ನ್ಯೂಯಾರ್ಕಿನ ಬಳಿ ವಿಲಿಯಂ ಲೆವಿಟ್ಟನು ಕಟ್ಟಿಸಲಾರಂಭಿಸಿದ ಲೆವಿಟ್‌ಟೌನಿನ ಸಹಸ್ರಾರು ಮನೆಗಳಲ್ಲಿ ಬಿಸಿನೀರಿನ ತಾಮ್ರದ ಕೊಳಾಯಿಗಳನ್ನು ಕಾಂಕ್ರೀಟು ನೆಲದೊಳಗೇ ಹೂಳಲಾಗಿತ್ತು. ಪದ್ಧತಿ ಸುಖಕರವಾಗಿದ್ದಿತು. ಆದರೆ ಕಾಲಾನಂತರ ಕೊಳಾಯಿಗಳು ಸವೆದು ಸೋರಿದಾಗ ನೆಲವನ್ನೇ ಒಡೆಯಬೇಕಾಯಿತು. ಎಷ್ಟೋ ಮಂದಿ ಆ ದಾರಿಯನ್ನು ಕೈಬಿಟ್ಟು ಬೇರೆ ಏರ್ಪಾಡು ಮಾಡಿಕೊಂಡರು. ಎರಡು ಕಡೆಯೂ ವಾಹಕ ನೀರೇ. ಒಂದೆಡೆ ದಾರಿಯನ್ನು ತೆರೆದು ದುರಸ್ತಿಮಾಡುವ ಅವಕಾಶವಿತ್ತು, ಇನ್ನೊಂದೆಡೆ ಇರಲಿಲ್ಲ. ಆದ್ದರಿಂದ ನೀರು ಮೇಲೋ ಗಾಳಿ ಮೇಲೋ ಎಂಬ ವಾದಕ್ಕಿಂತ, ಬೆಂಕಿಯನ್ನು ದಾರಿಯಿಂದ ಎಷ್ಟರಮಟ್ಟಿಗೆ ಬೇರ್ಪಡಿಸಬಹುದು, ದಾರಿಯನ್ನು ಎಷ್ಟು ಸುಲಭವಾಗಿ ತೆರೆಯಬಹುದು ಎಂಬ ವಿಚಾರವೇ ಹೆಚ್ಚು ಫಲಪ್ರದವೆಂದು ತೋರುತ್ತದೆ. ಫರ್ನೇಸಿನ ಸ್ಥಾನದಲ್ಲಿ ಕೂತ ಏರ್ ಹ್ಯಾಂಡ್ಲರಿನ ಐತಿಹಾಸಿಕ ಮಹತ್ವ ಇಲ್ಲಿಯೇ ಇದೆ. ಅದು ಹಳೆಯ ದಾರಿಯನ್ನು ಉಳಿಸಿಕೊಂಡು ಬೆಂಕಿಯನ್ನು ಮಾತ್ರ ಅದರಿಂದ ಬಿಡಿಸುತ್ತದೆ. ಇಂದು ಅನಿಲದಿಂದ ಕಾದ ನೀರು ನಾಳೆ ಹೀಟ್ ಪಂಪಿನಿಂದಲೋ ಸೂರ್ಯನಿಂದಲೋ ಕಾಯಬಹುದು.

ಈ ವಿಚಾರ ನಮಗೆ ದೂರದ್ದೆಂದು ತೋರಬಹುದು. ಆದರೆ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇದೇ ಏರ್ ಹ್ಯಾಂಡ್ಲರು ತಣ್ಣೀರಿನ ಸುರುಳಿಯೊಡನೆ ದುಡಿಯುತ್ತಿದೆ. ಭಾರತದ ಬಹುಭಾಗಕ್ಕೆ ಬೇಕಾದುದು ತಂಪು. ಅದರ ದಾರಿಗಳನ್ನು ಈಗ ಕಟ್ಟುತ್ತಿರುವ ಮನೆಗಳ ಗೋಡೆಗಳಲ್ಲಿ ಹಾಕಲಾಗುತ್ತಿದೆ. ಅವು ಯಾವ ವಾಹಕಕ್ಕೆ ತಕ್ಕವು, ಮುಂದೆ ಬರುವ ಯಂತ್ರಕ್ಕೆ ಅವು ಎಡೆಕೊಡುವುವೇ, ಕೆಟ್ಟಾಗ ತೆರೆಯಲು ಬರುವುವೇ ಎಂದು ವಿಚಾರಿಸುವವರು ಕಡಮೆ. ಆ ಮನೆಗಳಲ್ಲಿ ಮುಂದೆ ವಾಸಿಸುವವರನ್ನು ಇಂದು ಯಾರೂ ಕೇಳುವಂತಿಲ್ಲ; ಆದಕಾರಣ ಅವರ ಪರವಾಗಿ ಈ ಪ್ರಶ್ನೆಗಳನ್ನು ಎತ್ತುವುದು ವಾಸ್ತುಶಾಸ್ತ್ರದ, ಎಂಜಿನಿಯರಿಂಗಿನ ಮತ್ತು ಇತಿಹಾಸದ ವಿದ್ಯಾರ್ಥಿಗಳಿಗೆ ಸೇರಿದ ಕೆಲಸವಾಗಿದೆ.